ಬಫಲೋಗೆ ಬಂದಿಳಿದವರಿಗೆ: ಮೊದಲು ಗಾಳಿಯ ದಿಕ್ಕು, ಆಮೇಲೆ ಜಾಕೆಟ್

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರತೊಡಗುತ್ತದೆ. ಮಗಳಿಗೆ ಬಫಲೋ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಎಂಥ ಜಾಕೆಟ್ ಕೊಡಿಸಬೇಕು? ಅಲ್ಲಿ ಆಳೆತ್ತರ ಹಿಮ ಬೀಳುತ್ತದಂತೆ, ನಿಜವೇ? ಫೋನು ನೋಡಿದರೆ ಬರೀ 2 ಇಂಚು ಎನ್ನುತ್ತದೆ, ಪಕ್ಕದ ಊರಿನ ಗೆಳೆಯ ಬಾಗಿಲೇ ತೆರೆಯಲಾಗುತ್ತಿಲ್ಲ ಎನ್ನುತ್ತಾನೆ, ಯಾವುದನ್ನು ನಂಬಲಿ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿ ಇದನ್ನು ಬರೆದಿದ್ದೇನೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರೀ ಸರೋವರದ ದಡದಲ್ಲಿರುವ ಬಫಲೋ ಮತ್ತು ಅದರ ಸುತ್ತಲಿನ ಊರುಗಳಿಗೆ ಇದು ಅನ್ವಯ. ಬೇರೆ ಹಿಮದೂರುಗಳಲ್ಲಿರುವವರು ಎರಡನೆಯ ಮತ್ತು ಮೂರನೆಯ ಹಂತದಿಂದ ತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳಬಹುದು.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಇಂಟರ್ನೆಟ್ ಇರುವ ಫೋನು, ಒಂದು ಇಂಚುಪಟ್ಟಿ, ಎರಡು ಬಗೆಯ ಸಲಿಕೆ, ನೀರು ಒಳಬಿಡದ ಬೂಟು, ಕಾರಿದ್ದರೆ ಹಿಮದ ಟೈರು, ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಜಾಕೆಟ್ ಕೊನೆಗೆ.

1. ಮನೆ ಸರೋವರದ ಯಾವ ಮಗ್ಗುಲಿಗಿದೆ ಎಂದು ನೋಡಿ

ಭೂಪಟ ತೆರೆದು ಈರೀ ಸರೋವರವನ್ನು ನೋಡಿ. ಸುಮಾರು 388 ಕಿಲೋಮೀಟರ್ ಉದ್ದದ ಈ ನೀರು ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ, ಈಶಾನ್ಯದ ತುದಿಯಲ್ಲಿ ಬಫಲೋ ಕೂತಿದೆ. ಇಲ್ಲಿನ ಹಿಮದ ಕಥೆಯೆಲ್ಲ ಈ ಓರೆಯಲ್ಲೇ ಅಡಗಿದೆ.

ನವೆಂಬರ್ ಹೊತ್ತಿಗೆ ಸರೋವರದ ನೀರು ಬೇಸಿಗೆಯ ಬಿಸಿಯನ್ನು ಇನ್ನೂ ಪೂರ್ತಿ ಕಳೆದುಕೊಂಡಿರುವುದಿಲ್ಲ. ಅದರ ಮೇಲೆ ಕೆನಡಾ ಕಡೆಯ ಕೊರೆಯುವ ಒಣಗಾಳಿ ಹಾದುಬರುತ್ತದೆ. ನೀರಿಗೂ ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ ಸುಮಾರು 13 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಅಂತರವಿದ್ದರೆ, ಗಾಳಿ ಕೆಳಗಿನಿಂದ ಶಾಖವನ್ನೂ ತೇವವನ್ನೂ ಹೀರಿ ಮೇಲೇರಿ, ಮೋಡವಾಗಿ, ಎದುರಿನ ದಡದ ಮೇಲೆ ಹಿಮ ಸುರಿಸುತ್ತದೆ. ಇದಕ್ಕೇ ಲೇಕ್ ಎಫೆಕ್ಟ್ ಎನ್ನುವುದು, ಸರೋವರದ ಹಿಮ ಎಂದಿಟ್ಟುಕೊಳ್ಳಿ. ಗಾಳಿ ಸರೋವರದ ಉದ್ದಕ್ಕೆ ಬೀಸಿದಷ್ಟೂ ಹೀರುವುದಕ್ಕೆ ಹೆಚ್ಚು ದಾರಿ ಸಿಗುತ್ತದೆ. ಆಗ ಹಿಮದ ಮೋಡ ಇಡೀ ಜಿಲ್ಲೆಯನ್ನು ಕವಿಯುವುದಿಲ್ಲ, ಕಿರಿದಾದ ಪಟ್ಟಿಯಾಗಿ ಬಂದು ನಿಲ್ಲುತ್ತದೆ. ಪಟ್ಟಿಯೊಳಗೆ ಗಂಟೆಗೆ 2-3 ಇಂಚು, ಒಮ್ಮೊಮ್ಮೆ ಗುಡುಗಿನ ಜೊತೆಗೆ. ಪಟ್ಟಿಯ ಹೊರಗೆ ಎಳೆಬಿಸಿಲು.

2014ರ ನವೆಂಬರ್‌ನಲ್ಲಿ ನಗರದ ದಕ್ಷಿಣ ಮತ್ತು ಪೂರ್ವದ ಕೆಲವು ಕಡೆ 5 ಅಡಿಗೂ ಮೇಲೆ ಹಿಮ ಬಿತ್ತು. ಅಲ್ಲಿಂದ ಕೆಲವೇ ಮೈಲಿ ಉತ್ತರದಲ್ಲಿದ್ದವರು ಕೆಲವೇ ಇಂಚು ಹಿಮವನ್ನು ಪೊರಕೆಯಲ್ಲಿ ಗುಡಿಸಿ ಕೆಲಸಕ್ಕೆ ಹೋದರು. 2022ರ ನವೆಂಬರ್‌ನಲ್ಲಿ ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್‌ಗಳಲ್ಲಿ 6 ಅಡಿಗೂ ಹೆಚ್ಚು. ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ ಶಿವಮೊಗ್ಗದಲ್ಲಿ ಬಟ್ಟೆ ಒಣಗುವುದನ್ನು ಕಂಡವರಿಗೆ ಇದೇನೂ ಮಾಯೆಯಲ್ಲ. ಅಲ್ಲಿ ಘಟ್ಟ ಮಾಡುವ ಪಂಕ್ತಿಭೇದವನ್ನು ಇಲ್ಲಿ ಗಾಳಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಸ್ಥಳೀಯರು ಊರನ್ನು ಎರಡು ಪಾಲು ಮಾಡಿ ಮಾತಾಡುತ್ತಾರೆ. ಆಮ್ಹರ್ಸ್ಟ್, ವಿಲಿಯಮ್ಸ್‌ವಿಲ್, ಟೋನವಾಂಡಾ ಇವು ನಾರ್ತ್‌ಟೌನ್ಸ್. ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್, ವೆಸ್ಟ್ ಸೆನೆಕಾ ಇವು ಸೌತ್‌ಟೌನ್ಸ್. ವಿಶ್ವವಿದ್ಯಾಲಯದ ದೊಡ್ಡ ಆವರಣ ಆಮ್ಹರ್ಸ್ಟ್‌ನಲ್ಲಿದೆ, ಉತ್ತರದ ಪಾಲಿನಲ್ಲಿ. ನೀವು ಯಾವ ಪಾಲಿನವರು ಎಂದು ಮೊದಲ ವಾರದಲ್ಲೇ ತಿಳಿದುಕೊಳ್ಳಿ.

2. ಮುನ್ಸೂಚನೆಯನ್ನು ಓದಲು ಕಲಿಯಿರಿ

ಹೊಸಬರು ಎಡವುವುದು ಇಲ್ಲಿಯೇ. ಫೋನಿನೊಂದಿಗೆ ಬಂದ ಆ್ಯಪ್ ತೆರೆದು, ಬಫಲೋ ಎಂದು ಬರೆದಿದ್ದರ ಕೆಳಗಿನ ಹಿಮದ ಚಿತ್ರವನ್ನು ನೋಡಿ, ಅದೇ ತಮ್ಮ ಮನೆಯ ಹವಾಮಾನ ಎಂದುಕೊಳ್ಳುತ್ತಾರೆ. ಪಟ್ಟಿಯ ಅಗಲ ಕೆಲವೇ ಮೈಲಿ ಇರುವ ಊರಿನಲ್ಲಿ ಇಡೀ ನಗರಕ್ಕೊಂದು ಸಂಖ್ಯೆ ಎಂದರೆ, ಊರಿಗೆಲ್ಲ ಒಂದೇ ಅಳತೆಯ ಚಪ್ಪಲಿ ಹೊಲಿಸಿದ ಹಾಗೆ.

ಅಮೆರಿಕ ಸರ್ಕಾರದ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣ ವೆದರ್ ಡಾಟ್ ಗವ್. ಹಣ ಕೊಡಬೇಕಾಗಿಲ್ಲ, ಜಾಹೀರಾತೂ ಇಲ್ಲ. ನಿಮ್ಮ ಅಂಚೆ ಸಂಖ್ಯೆ ಹಾಕಿ ಅಲ್ಲಿಗೇ ನಿಲ್ಲಬೇಡಿ. ಪುಟದಲ್ಲಿ ಒಂದು ಪುಟ್ಟ ಭೂಪಟವಿರುತ್ತದೆ, ಅದರಲ್ಲಿ ನಿಮ್ಮ ಮನೆಯ ಮೇಲೆಯೇ ಒತ್ತಿ. ಆಗ ಸುಮಾರು 2.5 ಕಿಲೋಮೀಟರ್ ಚೌಕಕ್ಕೆ ಸೀಮಿತವಾದ ಮುನ್ಸೂಚನೆ ತೆರೆದುಕೊಳ್ಳುತ್ತದೆ. ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಕೆಲಸದ ಜಾಗಕ್ಕೂ ಹೀಗೆಯೇ ಒಂದು ಉಳಿಸಿಕೊಳ್ಳಿ. ಮನೆಯಲ್ಲಿ ಬಿಸಿಲಿದ್ದು ಕಚೇರಿಯ ದಾರಿ ಮುಚ್ಚಿರುವ ದಿನಗಳು ಬರುತ್ತವೆ.

ಆ ಪುಟದಲ್ಲಿ ನೀವು ನೋಡಬೇಕಾದದ್ದು, ಈ ಕ್ರಮದಲ್ಲಿ:

ಮೊದಲು ಗಾಳಿಯ ದಿಕ್ಕು. ಗಂಟೆಗಂಟೆಯ ನಕ್ಷೆಯಲ್ಲಿ ಅದು ಸಿಗುತ್ತದೆ. ನೈಋತ್ಯದ ಗಾಳಿ ಎಂದರೆ ನೈಋತ್ಯದಿಂದ ಬರುವ ಗಾಳಿ, ನೈಋತ್ಯಕ್ಕೆ ಹೋಗುವ ಗಾಳಿಯಲ್ಲ. ಇದನ್ನು ತಿರುಗುಮುರುಗು ಓದಿದವರನ್ನು ಬೇಕಾದಷ್ಟು ನೋಡಿದ್ದೇನೆ. ಗೊಂದಲವಾದರೆ ನಮ್ಮ ಮುಂಗಾರನ್ನು ನೆನೆಯಿರಿ. ನೈಋತ್ಯ ಮುಂಗಾರು ಬರುವುದು ನೈಋತ್ಯದಿಂದಲೇ. ಕರ್ನಾಟಕಕ್ಕೆ ಮಳೆ ತರುವ ಅದೇ ದಿಕ್ಕು ಬಫಲೋಗೆ ಹಿಮ ತರುತ್ತದೆ. ಗಾಳಿ ನೈಋತ್ಯದಿಂದ ನೇರ ಬಂದರೆ ಪಟ್ಟಿ ನಗರದ ಮೇಲೆ. ಇನ್ನಷ್ಟು ದಕ್ಷಿಣಕ್ಕೆ ವಾಲಿದರೆ ಪಟ್ಟಿ ಉತ್ತರಕ್ಕೆ, ನಯಾಗರಾ ಕಡೆಗೆ. ಪಶ್ಚಿಮಕ್ಕೆ ವಾಲಿದರೆ ಸೌತ್‌ಟೌನ್ಸ್ ಪಾಲಿಗೆ. ವಾಯವ್ಯದಿಂದ ಬಂದರೆ ಪಟ್ಟಿ ಒಡೆದು ದಕ್ಷಿಣದ ಬೆಟ್ಟಗಳ ಮೇಲೆಲ್ಲ ತೆಳ್ಳಗೆ ಹರಡುತ್ತದೆ. ಗಾಳಿ ಹತ್ತಿಪ್ಪತ್ತು ಡಿಗ್ರಿ ತಿರುಗಿದರೂ ನಿಮ್ಮ ಇಡೀ ದಿನದ ಲೆಕ್ಕಾಚಾರ ಬದಲಾಗುತ್ತದೆ.

ಎರಡನೆಯದು, ಪುಟದ ಕೆಳಭಾಗದಲ್ಲಿ ಸಿಗುವ ಫೋರ್‌ಕಾಸ್ಟ್ ಡಿಸ್ಕಷನ್. ಬಫಲೋ ಕಚೇರಿಯ ಹವಾಮಾನ ತಜ್ಞರು ದಿನಕ್ಕೆ ಹಲವು ಬಾರಿ ಬರೆಯುವ ಟಿಪ್ಪಣಿ ಅದು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಆದರೆ ಪಟ್ಟಿ ಎಷ್ಟು ಗಂಟೆಗೆ ಎಲ್ಲಿಂದ ಎಲ್ಲಿಗೆ ಸರಿಯಬಹುದು, ತಮಗೆ ಎಷ್ಟು ಖಾತರಿ, ಎಲ್ಲಿ ಅನುಮಾನ ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಬರೆಯುವುದು ಅಲ್ಲಿ ಮಾತ್ರ. ಮೊದಲ ವಾರ ಅರ್ಧ ಅರ್ಥವಾಗುವುದಿಲ್ಲ. ಡಿಸೆಂಬರ್ ಹೊತ್ತಿಗೆ ಬೆಳಗಿನ ಕಾಫಿಯ ಜೊತೆ ಪತ್ರಿಕೆಗಿಂತ ಮೊದಲು ಅದನ್ನೇ ಓದುತ್ತಿರುತ್ತೀರಿ.

ಮೂರನೆಯದು, ರೇಡಾರ್. ಸ್ಥಿರಚಿತ್ರ ನೋಡಬೇಡಿ, ಓಡುವ ಚಿತ್ರ ನೋಡಿ. ಪಟ್ಟಿ ಸರಿಯುತ್ತಿದೆಯೋ, ನಿಂತಲ್ಲೇ ನಿಂತಿದೆಯೋ? ಸರಿಯುವ ಪಟ್ಟಿಯಿಂದ ಅಷ್ಟೇನೂ ಭಯವಿಲ್ಲ. ನಿಂತ ಪಟ್ಟಿ ಹೂತುಹಾಕುತ್ತದೆ.

ಇನ್ನು ಎಚ್ಚರಿಕೆಯ ಪದಗಳು. ವಾಚ್ ಎಂದರೆ ಬರುವ ಸಾಧ್ಯತೆ ಇದೆ. ಮೋಡ ಕವಿದಿದೆ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳದ ಮೇಲೆ ಒಂದು ಕಣ್ಣಿರಲಿ. ವಾರ್ನಿಂಗ್ ಎಂದರೆ ಬಂದಿದೆ ಅಥವಾ ಬರುವುದು ಹೆಚ್ಚುಕಡಿಮೆ ಖಚಿತ. ಹಪ್ಪಳ ಒಳಗೆ ತನ್ನಿ. ಅಡ್ವೈಸರಿ ಎಂದರೆ ತೊಂದರೆಯಿದೆ, ಆದರೆ ಜೀವಕ್ಕೆ ಅಪಾಯ ತರುವ ಮಟ್ಟದ್ದಲ್ಲ. ಹಾಗೆಂದು ಉದಾಸೀನ ಮಾಡಿ ಜಾರಿದವರೂ ಇದ್ದಾರೆ. ಬ್ಲಿಝರ್ಡ್ ಎಂಬುದು ಹಿಮದ ಪ್ರಮಾಣಕ್ಕೆ ಇಟ್ಟ ಹೆಸರಲ್ಲ: ಗಂಟೆಗೆ 35 ಮೈಲಿ ಅಥವಾ ಹೆಚ್ಚಿನ ಗಾಳಿ, ಹಾರುವ ಹಿಮದಿಂದ ಕಾಲು ಮೈಲಿಯ ಆಚೆ ಏನೂ ಕಾಣದ ಸ್ಥಿತಿ, ಇವೆರಡೂ 3 ಗಂಟೆ ಮುಂದುವರಿದರೆ ಅದು ಬ್ಲಿಝರ್ಡ್. ಹೊಸ ಹಿಮ ಒಂದಿಂಚೂ ಬೀಳದೆ, ನೆಲದ ಹಿಮವೇ ಎದ್ದು ಹಾರಿಯೂ ಬ್ಲಿಝರ್ಡ್ ಆಗಬಹುದು. ಸ್ನೋ ಸ್ಕ್ವಾಲ್ ಎಂದರೆ ಅರ್ಧ-ಒಂದು ಗಂಟೆ ಬಂದುಹೋಗುವ ಹಿಮದ ಹೊಡೆತ. ಹೆದ್ದಾರಿಯಲ್ಲಿ ಸರಣಿ ಅಪಘಾತ ಮಾಡಿಸುವುದು ಇದೇ. ಫೋನು ಕಿರುಚಿಕೊಂಡರೆ ಆ ಎಚ್ಚರಿಕೆಯನ್ನು ಅಳಿಸುವ ಮೊದಲು ಓದಿ.

ಅಂಕಿಗಳೆಲ್ಲ ಫ್ಯಾರನ್‌ಹೀಟ್‌ನಲ್ಲಿ. ಮೂರನ್ನು ಬಾಯಿಪಾಠ ಮಾಡಿದರೆ ಸಾಕು: 32 ಎಂದರೆ ನಮ್ಮ ಸೊನ್ನೆ, 0 ಎಂದರೆ ನಮ್ಮ ಮೈನಸ್ 18, ಮೈನಸ್ 40 ಎರಡರಲ್ಲೂ ಒಂದೇ. ವಿಂಡ್ ಚಿಲ್ ಎಂದರೆ ಗಾಳಿ ಸೇರಿದಾಗ ಮೈಗೆ ತಟ್ಟುವ ಚಳಿ. 0 ಫ್ಯಾರನ್‌ಹೀಟ್ ಇದ್ದು ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ಅದು ಮೈನಸ್ 19. ಅಂಥ ಚಳಿಯಲ್ಲಿ ತೆರೆದ ಕಿವಿ, ಮೂಗಿನ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು.

3. ನೀವೇ ಅಳೆಯಿರಿ

ಕಡ್ಡಾಯವಲ್ಲ. ಆದರೂ ಇದನ್ನು ಮಾಡಿದವರು ಒಂದೇ ಚಳಿಗಾಲದಲ್ಲಿ ತಮ್ಮ ಬೀದಿಯ ಹವಾಮಾನದಲ್ಲಿ ಪಳಗುತ್ತಾರೆ. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವುದನ್ನು ನೋಡಿದ್ದೀರಲ್ಲ, ಇದೂ ಅದೇ ಕೆಲಸ. ಇಲ್ಲಿಯೂ ನೀರನ್ನು ಇಂಚಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಾರೆ.

ಎರಡಡಿ ಚೌಕದ ಪ್ಲೈವುಡ್ ಹಲಗೆಗೆ ಬಿಳಿ ಬಣ್ಣ ಬಳಿಯಿರಿ. ಗಾಢ ಬಣ್ಣವಾದರೆ ಬಿಸಿಲು ಹೀರಿ ಹಿಮ ಕರಗುತ್ತದೆ. ಮನೆ, ಮರ, ಬೇಲಿಗಳಿಂದ ದೂರ, ಬಯಲಿನಲ್ಲಿಡಿ. ಪಕ್ಕದಲ್ಲಿ ಒಂದು ಕೋಲು ನೆಡಿ, ಇಲ್ಲದಿದ್ದರೆ ಮಾರನೆಯ ದಿನ ಹಲಗೆಯನ್ನು ಹುಡುಕುವುದೇ ಕೆಲಸವಾಗುತ್ತದೆ. ಪ್ರತಿ ಬೆಳಿಗ್ಗೆ 7ರ ಸುಮಾರಿಗೆ ಇಂಚುಪಟ್ಟಿ ನಿಲ್ಲಿಸಿ, ಇಂಚಿನ ಹತ್ತನೇ ಭಾಗದವರೆಗೆ ಓದಿ, ಬರೆದುಕೊಂಡು, ಹಲಗೆ ಗುಡಿಸಿ, ಹೊಸ ಹಿಮದ ಮೇಲ್ಮೈಗೆ ಸಮನಾಗಿ ಮತ್ತೆ ಇಡಿ. ಗಾಳಿ ಹಿಮವನ್ನು ಒಂದೆಡೆ ಗುಡ್ಡೆ ಹಾಕಿದ್ದರೆ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯಿರಿ. ಗಂಟೆಗೊಮ್ಮೆ ಅಳೆದು ಗುಡಿಸಿ ಕೂಡಿಸುತ್ತಾ ಹೋದರೆ ಮೊತ್ತ ಉಬ್ಬುತ್ತದೆ, ಏಕೆಂದರೆ ಹಿಮ ತನ್ನ ಭಾರಕ್ಕೇ ಕುಸಿಯುವುದಕ್ಕೆ ನೀವು ಬಿಡುತ್ತಿಲ್ಲ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಗುಡಿಸಬಾರದು ಎಂಬ ನಿಯಮವಿದೆ.

ಹಿಮದೊಳಗಿನ ನೀರು ತಿಳಿಯಬೇಕೆಂದರೆ ಮಳೆಮಾಪಕದ ಹೊರಗಿನ ಕೊಳವೆಯನ್ನು ಮಾತ್ರ ಹೊರಗಿಡಿ. ಬಿದ್ದ ಹಿಮಕ್ಕೆ ಅಳೆದ ಬೆಚ್ಚನೆಯ ನೀರು ಸುರಿದು ಕರಗಿಸಿ, ಒಟ್ಟು ಅಳತೆಯಿಂದ ನೀವು ಸುರಿದದ್ದನ್ನು ಕಳೆಯಿರಿ. ಸಾಮಾನ್ಯವಾಗಿ 10 ಇಂಚು ಹಿಮಕ್ಕೆ 1 ಇಂಚು ನೀರು ಎಂಬ ಲೆಕ್ಕ. ಸರೋವರದ ಹಗುರ ಹಿಮವಾದರೆ 20 ಇಂಚಿಗೆ 1. ಈ ಲೆಕ್ಕ ಐದನೆಯ ಹಂತದಲ್ಲಿ ನಿಮ್ಮ ಬೆನ್ನಿಗೆ ಅರ್ಥವಾಗುತ್ತದೆ.

ಅಳತೆಯನ್ನು ಕೊಕೊರಾಸ್ ಎಂಬ ಸ್ವಯಂಸೇವಕರ ಜಾಲಕ್ಕೆ ಕಳಿಸಬಹುದು. 1998ರಲ್ಲಿ ಕೊಲರಾಡೊದಲ್ಲಿ ಶುರುವಾದ ಈ ಜಾಲಕ್ಕೆ ಈಗ ದೇಶದ ಎಲ್ಲ ರಾಜ್ಯಗಳಿಂದ ಅಳತೆ ಬರುತ್ತದೆ, ಹವಾಮಾನ ಸೇವೆಯವರೂ ಅದನ್ನು ಬಳಸುತ್ತಾರೆ. ಹಿಮ ಬೀಳದ ದಿನ ಸೊನ್ನೆ ಎಂದು ಕಳಿಸುವುದನ್ನು ಮರೆಯಬೇಡಿ. ಸೊನ್ನೆಯೂ ಅಳತೆಯೇ.

4. ಮನೆ

ಅಕ್ಟೋಬರ್ ಮುಗಿಯುವುದರೊಳಗೆ ಮಾಡಿ ಮುಗಿಸಿ. ಫರ್ನೇಸ್, ಅಂದರೆ ಇಡೀ ಮನೆಗೆ ಬಿಸಿಗಾಳಿ ಕಳಿಸುವ ಒಲೆ, ಅದರ ಫಿಲ್ಟರ್ ಬದಲಿಸಿ. ಆಮೇಲೆ ಹೊರಗೆ ಹೋಗಿ ಮನೆಯ ಗೋಡೆಯನ್ನು ಸುತ್ತು ಹಾಕಿ. ಹೊಸ ಬಗೆಯ ಫರ್ನೇಸ್ ಆದರೆ ನೆಲದಿಂದ ಒಂದೆರಡು ಅಡಿ ಮೇಲೆ ಬಿಳಿಯ ಪ್ಲಾಸ್ಟಿಕ್ ಕೊಳವೆಗಳು ಗೋಡೆಯಿಂದ ಹೊರಚಾಚಿರುತ್ತವೆ: ಒಂದು ಗಾಳಿ ಎಳೆದುಕೊಳ್ಳಲು, ಇನ್ನೊಂದು ಹೊಗೆ ಬಿಡಲು. ನನ್ನ ಮೊದಲ ಚಳಿಗಾಲದಲ್ಲಿ ಅವೇನೆಂದು ನನಗೆ ಗೊತ್ತಿರಲಿಲ್ಲ. ಸಲಿಕೆಯಲ್ಲಿ ಎತ್ತಿದ ಹಿಮವನ್ನೆಲ್ಲ ಅಲ್ಲಿಗೇ ಗುಡ್ಡೆ ಹಾಕಿದೆ. ರಾತ್ರಿ ಮೂರಕ್ಕೆ ಫರ್ನೇಸ್ ನಿಂತಿತು, ಕಿಟಕಿಯ ಗಾಜಿನ ಒಳಮೈಯಲ್ಲಿ ಮಂಜುಗಡ್ಡೆಯ ಎಳೆಗಳು ಮೂಡಿದವು, ಟಾರ್ಚ್ ಹಿಡಿದು ಬರಿಗೈಯಲ್ಲಿ ಕೊಳವೆಯ ಬಾಯಿ ಬಗೆಯಬೇಕಾಯಿತು. ನಿಂತದ್ದೇ ಪುಣ್ಯ. ನಿಲ್ಲದೆ ಹೊಗೆ ಒಳಗೆ ತಿರುಗಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅಲಾರಂ ಮಲಗುವ ಕೋಣೆಗಳ ಹತ್ತಿರವೇ ಇರಲಿ.

ಹೊರಗಿನ ನಲ್ಲಿಯ ನೀರನ್ನು ಒಳಗಿನಿಂದ ನಿಲ್ಲಿಸಿ, ಕೊಳವೆ ಖಾಲಿ ಮಾಡಿ. ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ತೋರಿಸಿಡಿ. ತೀರಾ ಚಳಿಯ ರಾತ್ರಿ ಹೊರಗೋಡೆಗೆ ಅಂಟಿದ ಸಿಂಕಿನ ಕೆಳಗಿನ ಬಾಗಿಲು ತೆರೆದು, ನಲ್ಲಿಯನ್ನು ತೆಳ್ಳಗೆ ತೊಟ್ಟಿಕ್ಕಲು ಬಿಡಿ. ಊರಿಗೆ ಹೋಗುವಾಗ ಉಳಿತಾಯವೆಂದು ಫರ್ನೇಸ್ ಆರಿಸಿ ಹೋಗಬೇಡಿ. ಒಡೆದ ಕೊಳವೆಯ ರಿಪೇರಿಗೆ ತಗಲುವ ಹಣದಲ್ಲಿ ಇನ್ನೊಮ್ಮೆ ಊರಿಗೆ ಹೋಗಿಬರಬಹುದು.

ಅಡುಗೆಮನೆಗೆ: ಕರೆಂಟ್ ಒಲೆಯಾದರೆ ಕರೆಂಟ್ ಹೋದಾಗ ಕುಕ್ಕರ್ ಇಡುವಂತಿಲ್ಲ. ನಾಲ್ಕು ದಿನಕ್ಕಾಗುವಷ್ಟು ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಹಾಲಿನಪುಡಿ, ಕುಡಿಯುವ ನೀರು, ತಪ್ಪದೆ ತೆಗೆದುಕೊಳ್ಳುವ ಔಷಧಿ ಇರಲಿ. ಗ್ಯಾಸಿನ ಓವನ್ ತೆರೆದಿಟ್ಟು ಮನೆ ಬೆಚ್ಚಗೆ ಮಾಡುವುದು, ಇದ್ದಿಲೊಲೆಯನ್ನು ಒಳಗೆ ಹೊತ್ತಿಸುವುದು, ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸುವುದು, ಈ ಮೂರನ್ನೂ ಯಾವ ಕಾರಣಕ್ಕೂ ಮಾಡಬೇಡಿ. ದೋಸೆ ಹಿಟ್ಟು ಹುದುಗುತ್ತಿಲ್ಲ ಎಂಬ ದೂರಿಗೆ ಉತ್ತರ: ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು ರಾತ್ರಿಯಿಡೀ ಅದರೊಳಗಿಡಿ. ಕೊಬ್ಬರಿ ಎಣ್ಣೆ ಏಪ್ರಿಲ್‌ವರೆಗೂ ಕಲ್ಲು. ಅಗಲ ಬಾಯಿಯ ಡಬ್ಬಿಗೆ ಮೊದಲೇ ಸುರಿದಿಟ್ಟುಕೊಳ್ಳಿ.

5. ಸಲಿಕೆ ಹಿಡಿಯುವುದು

ಒಂದು ಲೆಕ್ಕ ಹಾಕೋಣ. ಕಾರು ನಿಲ್ಲಿಸುವ ದಾರಿ 10 ಅಡಿ ಅಗಲ, 40 ಅಡಿ ಉದ್ದ. 10 ಇಂಚು ಹಗುರ ಹಿಮ ಬಿದ್ದರೆ ಎತ್ತಬೇಕಾದ ಭಾರ ಸುಮಾರು 470 ಕಿಲೋ. ಅದೇ 10 ಇಂಚು ಸಾಧಾರಣ ಹಿಮವಾದರೆ 940 ಕಿಲೋ. ಜಿಮ್ಮಿಗೆ ಹೋಗದವರು, ಬೆಳಿಗ್ಗೆ ಎದ್ದವರೇ, ಕೊರೆವ ಚಳಿಯಲ್ಲಿ ಇಷ್ಟು ಎತ್ತಲು ಹೋಗಿ ಹೃದಯಾಘಾತಕ್ಕೆ ಒಳಗಾಗುವುದು ಇಲ್ಲಿ ಪ್ರತಿ ವರ್ಷದ ಸುದ್ದಿ. ಹೃದಯದ ತೊಂದರೆ ಇರುವವರು, ಊರಿನಿಂದ ಬಂದಿರುವ ಅಪ್ಪ-ಅಮ್ಮ ಸಲಿಕೆ ಮುಟ್ಟುವುದೇ ಬೇಡ. "ನಾನೂ ಒಂದು ಕೈ ಹಾಕುತ್ತೇನೆ" ಎಂದು ಅಪ್ಪ ಹೊರಟರೆ ಕಾಫಿ ಮಾಡಲು ಕಳಿಸಿ.

ತಳ್ಳುವ ಅಗಲ ಸಲಿಕೆ ಒಂದು, ಎತ್ತುವ ಕಿರಿದಾದದ್ದು ಒಂದು. ಆದಷ್ಟು ತಳ್ಳಿ, ಎತ್ತಲೇಬೇಕಾದರೆ ಅರ್ಧ ಸಲಿಕೆ ಮಾತ್ರ, ಮೊಣಕಾಲು ಬಗ್ಗಿಸಿ. ಹಿಮ ಪೂರ್ತಿ ನಿಲ್ಲಲಿ ಎಂದು ಕಾಯದೆ, ನಾಲ್ಕು ಇಂಚಿಗೊಮ್ಮೆ ತೆಗೆಯಿರಿ.

ಈಗ ಎಲ್ಲರ ರಕ್ತ ಕುದಿಸುವ ಸಂಗತಿ. ನೀವು ದಾರಿ ಚೊಕ್ಕಟ ಮಾಡಿ ಒಳಗೆ ಬಂದು ಬೂಟು ಬಿಚ್ಚುವ ಹೊತ್ತಿಗೆ ಹಿಮ ತಳ್ಳುವ ಲಾರಿ ರಸ್ತೆಯಲ್ಲಿ ಹೋಗುತ್ತದೆ, ರಸ್ತೆಯ ಹಿಮವನ್ನೆಲ್ಲ ನಿಮ್ಮ ದಾರಿಯ ಬಾಯಿಗೆ ಒಡ್ಡು ಕಟ್ಟಿ ಹೋಗುತ್ತದೆ. ಅದು ಸಿಮೆಂಟಿನಷ್ಟು ಗಟ್ಟಿ. ಇದನ್ನು ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ರಸ್ತೆಯ ಕಡೆ ಮುಖ ಮಾಡಿ ನಿಂತರೆ ಲಾರಿ ನಿಮ್ಮ ಎಡಗಡೆಯಿಂದ ಬರುತ್ತದೆ. ದಾರಿಯ ಎಡಕ್ಕೆ, ರಸ್ತೆಯ ಅಂಚಿನಲ್ಲಿ ಹತ್ತಡಿಯಷ್ಟು ಜಾಗವನ್ನು ಖಾಲಿ ಮಾಡಿಡಿ. ಲಾರಿ ಹೊತ್ತುತಂದ ಹಿಮ ಅಲ್ಲಿ ಉದುರುತ್ತದೆ. ನೀವು ತೆಗೆದ ಹಿಮವನ್ನು ಬಲಕ್ಕೆ ಹಾಕಿ. ಎಡಕ್ಕೆ ಹಾಕಿದರೆ ಲಾರಿ ಅದನ್ನೂ ಸೇರಿಸಿ ನಿಮ್ಮ ಬಾಗಿಲಿಗೇ ತಂದುಕೊಡುತ್ತದೆ.

ಕಲ್ಲುಪ್ಪು ಎರಚುವುದು ಹಿಮ ತೆಗೆದ ಮೇಲೆ ಉಳಿದ ತೆಳು ಪದರಕ್ಕೆ, ಅಡಿಗಟ್ಟಲೆ ಹಿಮ ಕರಗಿಸಲಿಕ್ಕಲ್ಲ. ಸುಮಾರು 15 ಫ್ಯಾರನ್‌ಹೀಟ್‌ಗಿಂತ ಕೆಳಗೆ ಅದು ಹೆಚ್ಚೇನೂ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಮನೆಮುಂದಿನ ಕಾಲುದಾರಿ ಸ್ವಚ್ಛ ಮಾಡುವುದು ಮನೆಯವರ ಹೊಣೆ, ಗಡುವು ಊರಿಂದೂರಿಗೆ ಬೇರೆ. ಬಾಡಿಗೆ ಮನೆಯಾದರೆ ಅದು ಯಾರ ಹೊಣೆ ಎಂದು ಕರಾರುಪತ್ರದಲ್ಲಿ ನೋಡಿಕೊಳ್ಳಿ.

6. ಕಾರು ಮತ್ತು ಬಟ್ಟೆ

ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದೆಯೇ ನೋಡಿ. ಎಲ್ಲ ಋತುವಿಗೂ ಎಂದು ಮಾರುವ ಮಾಮೂಲಿ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇದ್ದರೆ ಕಾರು ಹೊರಡಲು ಅನುಕೂಲ, ನಿಲ್ಲಲು ಅಲ್ಲ. ಗಾಜು ತೊಳೆಯುವ ಡಬ್ಬಿಗೆ ನೀರು ಹಾಕಬೇಡಿ, ಮೈನಸ್ 20 ಎಂದು ಬರೆದ ದ್ರವವನ್ನೇ ಹಾಕಿ. ಗಾಜಿನ ಮೇಲಿನ ಮಂಜುಗಡ್ಡೆಗೆ ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಕಾರಿನ ಛಾವಣಿಯ ಹಿಮವನ್ನೂ ತೆಗೆಯಿರಿ, ಬ್ರೇಕ್ ಹಾಕಿದಾಗ ಅದು ಇಡಿಯಾಗಿ ಮುಂಗಾಜಿಗೆ ಜಾರುತ್ತದೆ. ಎಂಜಿನ್ ಶುರುಮಾಡುವ ಮೊದಲು ಹೊಗೆ ಕೊಳವೆಯ ಬಾಯಿ ತೆರೆದಿರಬೇಕು. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯದಿರಲಿ. ಡಿಕ್ಕಿಯಲ್ಲಿ ಕಂಬಳಿ, ಸಣ್ಣ ಸಲಿಕೆ, ಟಾರ್ಚ್, ತಿನ್ನಲು ಏನಾದರೂ.

ಇನ್ನು ಜಾಕೆಟ್. ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿಗೆ ಬಂದ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಳ್ಳಿ. ಮೈಗೆ ಅಂಟುವ ಪದರ ಹತ್ತಿಯದಾಗಬಾರದು. ಬೆವರು ಹೀರಿದ ಹತ್ತಿ ಒಣಗುವುದಿಲ್ಲ, ಮೈಯನ್ನೇ ತಣ್ಣಗೆ ಮಾಡುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ನಡುವೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಕೋಟು. ಹಣ ಕಡಿಮೆಯಿದ್ದರೆ ಕೋಟಿನಲ್ಲಿ ಉಳಿಸಿ, ಬೂಟಿನಲ್ಲಿ ಉಳಿಸಬೇಡಿ.

7. ವಾರ್ನಿಂಗ್ ಬಂದ ದಿನ

2022ರ ಡಿಸೆಂಬರ್ 23ರಂದು ಶುರುವಾದ ಬ್ಲಿಝರ್ಡ್ ಬಫಲೋ ವಿಮಾನ ನಿಲ್ದಾಣದಲ್ಲಿ 37 ಗಂಟೆ ಬಿಡದೆ ನಡೆಯಿತು. 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ರಸ್ತೆಯಲ್ಲಿ, ಕೆಲವರು ಮನೆಯಲ್ಲೇ. ಸಹಾಯಕ್ಕೆ ಹೊರಟ ಆಂಬುಲೆನ್ಸ್‌ಗಳೇ ಹೂತುಹೋಗಿದ್ದವು. ಹವಾಮಾನ ಸೇವೆ ದಿನಗಳ ಮುಂಚೆಯೇ ಹೇಳಿತ್ತು. ಸಂಚಾರ ನಿಷೇಧ ಜಾರಿಯಾದದ್ದು ಮಾತ್ರ 23ರ ಬೆಳಿಗ್ಗೆ, ಎಷ್ಟೋ ಜನ ಕೆಲಸಕ್ಕೆ ಹೊರಟ ಮೇಲೆ. ಹಾಗಾಗಿ ನಿಷೇಧಕ್ಕೆ ಕಾಯಬೇಡಿ. ವಾರ್ನಿಂಗ್ ಇದ್ದು, ಗಾಳಿಯ ದಿಕ್ಕು ನಿಮ್ಮ ಊರಿನತ್ತ ಇದ್ದರೆ ಹೊರಡಬೇಡಿ. ಹಾಲು ಮುಗಿದಿದ್ದರೆ ಕಪ್ಪು ಕಾಫಿ ಕುಡಿಯಿರಿ.

ದಾರಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ. ಏನೂ ಕಾಣದ ಹಿಮದಲ್ಲಿ ಮೂವತ್ತು ಅಡಿ ದೂರದ ಮನೆಯೂ ಸಿಗುವುದಿಲ್ಲ. 911ಕ್ಕೆ ಕರೆ ಮಾಡಿ, ಹತ್ತಿರದ ಅಡ್ಡರಸ್ತೆಯ ಹೆಸರು ಹೇಳಿ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಪ್ರತಿ ಸಲವೂ ಮೊದಲು ಹೊಗೆ ಕೊಳವೆ ಬಿಡಿಸಿ, ಗಾಳಿ ಬೀಸುವ ಕಡೆಗಲ್ಲದ ಕಿಟಕಿಯನ್ನು ಬೆರಳಷ್ಟು ತೆರೆದಿಡಿ.

ಚಳಿಗಾಲ ಯಾವಾಗ ಮುಗಿಯುತ್ತದೆ ಎಂದು ಜನವರಿಯಲ್ಲಿ ಕೇಳುವವರಿಗೆ: ಸರೋವರವನ್ನು ನೋಡಿ. ಈರೀ ಸರೋವರದ ಸರಾಸರಿ ಆಳ 19 ಮೀಟರ್ ಮಾತ್ರ, ಆದ್ದರಿಂದ ಚಳಿ ಜೋರಾದ ವರ್ಷ ಅದು ಬಹುಪಾಲು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರಿನಿಂದ ಗಾಳಿ ತೇವ ಹೀರಲಾರದು, ಪಟ್ಟಿ ಸೊರಗುತ್ತದೆ. ಬಫಲೋ ಕಚೇರಿಯ ಪುಟದಲ್ಲಿ ದಿನವೂ ನೀರಿನ ಉಷ್ಣಾಂಶ ಹಾಕಿರುತ್ತಾರೆ. ಅದು 32 ತೋರಿಸತೊಡಗಿದ ಮೇಲೆ ಸರೋವರದ ಹಿಮದ ಭಯ ತಗ್ಗುತ್ತದೆ, ಚಳಿಯದ್ದಲ್ಲ. ಸರೋವರ ಹೆಪ್ಪುಗಟ್ಟದ ವರ್ಷಗಳಲ್ಲಿ ಮಾರ್ಚ್‌ನಲ್ಲೂ ಪಟ್ಟಿ ಬರಬಹುದು. ಹಿಮದ ಟೈರು ಏಪ್ರಿಲ್ ನಡುವಿನವರೆಗೆ ಇರಲಿ, ಸಲಿಕೆ ಅದಾದ ಮೇಲೂ ಎರಡು ವಾರ ಬಾಗಿಲ ಹತ್ತಿರವೇ ಇರಲಿ.